ಗೇರ್ ನನ್ನದು, ಸ್ಟಿಯರಿಂಗ್ ಅವರದು

ಸವತಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮನೆಗೆ ಎಳೆದು ತಂದ ಗಂಡ ಇಡೀ ಚಿತ್ತವಾಡ್ಗಿಯಲ್ಲಿ ನನ್ನವರೊಬ್ಬರೇ. ಸಂಡೂರಿನ ಗಣಿಯೊಂದರಲ್ಲಿ ಅವರು ವರ್ಷಗಟ್ಟಲೆ ಓಡಿಸಿದ್ದ ಹಳೇ ಡೀಸೆಲ್ ವ್ಯಾನು ಅದು. ಗುಜರಿಗೆ ಹಾಕುತ್ತಾರಂತೆ ಅಂತ ಸುದ್ದಿ ಬಂದದ್ದೇ ತಡ, ನನಗೊಂದು ಮಾತೂ ಹೇಳದೆ ಹೋಗಿ ತಂದುಬಿಟ್ಟರು. ಹೊರಗೆ ಬಂದು ನೋಡಿದೆ. ಮುಂದಿನ ಗಾಜಿಲ್ಲ, ಒಂದು ಬಾಗಿಲಿಲ್ಲ, ಸೀಟಿನ ಸ್ಪಂಜಿನಲ್ಲಿ ಇಲಿಗಳು ಸಂಸಾರ ಹೂಡಿವೆ. "ಆರತಿ ತಟ್ಟಿ ತರ್ಲೇನ್ರಿ?" ಅಂತ ಕೇಳಿದೆ. ಅವರು ನಕ್ಕರು.

ಆ ನಗು ನೋಡಿಯೇ ನಾನು ಬಾಯಿ ಮುಚ್ಚಿಕೊಂಡದ್ದು. ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದಿತ್ತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಬಲಗೈಗೆ ಏನೂ ಆಗಿರಲಿಲ್ಲ. ಎಡಗೈ ಬೆರಳುಗಳು ಮಾತ್ರ ಏನನ್ನೂ ಹಿಡಿಯುತ್ತಿರಲಿಲ್ಲ. ಗಾಡಿ ಓಡಿಸಲು ಬೇರೇನೂ ತೊಂದರೆಯಿಲ್ಲ, ಗೇರ್ ಹಾಕುವುದೇ ಕಷ್ಟ ಅಂದರು ಡಾಕ್ಟರು. ಅಂದಿನಿಂದ ನನ್ನವರು ಡ್ರೈವರ್ ಸೀಟಿಗೆ ಹತ್ತಿರಲಿಲ್ಲ. ಓಣಿಯಲ್ಲಿ ಲಾರಿ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರು ಇನ್ನೊಂದು ಸಲ ಆ ಸೀಟಿನಲ್ಲಿ ಕೂತರೆ ಸಾಕು ಅಂತ ನಾನು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದೆ. ಹರಕೆ ಕೇಳಿಸಿಕೊಂಡ ತಾಯಿ ಇಂಥ ಲಡಕಾಸಿ ಕಳಿಸುತ್ತಾಳೆ ಅಂತ ಮಾತ್ರ ಎಣಿಸಿರಲಿಲ್ಲ.

ರಿಪೇರಿ ಶುರುವಾಯಿತು. ತೊಳೆದಷ್ಟೂ ಕೆಂಪು ನೀರು ಬರುತ್ತಿತ್ತು; ಗಣಿಯ ಅರ್ಧ ಅದಿರು ಅದರ ಸಂದಿಯಲ್ಲೇ ಉಳಿದಿತ್ತು ಅಂತ ಕಾಣುತ್ತದೆ. ತಗಡಿನ ಕೆಲಸ, ಬಣ್ಣ ಹೊರಗಿನವರು ಮಾಡಿದರು. ಎಂಜಿನ್ ಮಾತ್ರ ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡರೆ ಎಂಜಿನ್ ಏನು ಮಾಡಿದರೂ ಹತ್ತುವುದಿಲ್ಲ. ಆ ಗಾಳಿ ತೆಗೆಯುವ ಕೆಲಸಕ್ಕೆ ಎರಡು ಕೈ ಬೇಕು. ಅವರು ಬಲಗೈಯಲ್ಲಿ ನಟ್ಟು ಸಡಿಲಿಸುವುದು, ನಾನು ಪಂಪು ಒತ್ತುವುದು, ನೊರೆ ಹೋಗಿ ಬರೀ ಡೀಸೆಲ್ ಬಂದಾಗ ಅವರು "ಬಸ್, ಸಾಕು" ಅನ್ನುವುದು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಮನೆಯಲ್ಲಿ ಕೈ ಡೀಸೆಲ್ ಆಗಿ ಜೋಳದ ರೊಟ್ಟಿಯೂ ಡೀಸೆಲ್ ವಾಸನೆ ಹೊಡೆಯಿತು.

ವ್ಯಾನಿನ ಹಿಂಭಾಗದಲ್ಲಿ ಮಲಗಲು ಹಲಗೆ, ಸಣ್ಣ ಗ್ಯಾಸ್ ಒಲೆ, ನೀರಿನ ಡ್ರಮ್ಮು ಅಂತ ಅವರು ಹೇಳಿದಾಗ, ನಾನು ಮೊದಲು ತಮಾಷೆ ಅಂದುಕೊಂಡೆ.

"ಸಾಹೇಬ್ರನ್ನ ಹೊತ್ಕೊಂಡು ತಿರುಗಿದ್ದು ಸಾಕು. ಇನ್ನ ನಾವು ತಿರುಗೂಣು. ಕಂಪ್ಲಿ, ದರೋಜಿ, ಎಲ್ಲಿ ನೆರಳ ಸಿಗ್ತತೋ ಅಲ್ಲೇ ಮಕ್ಕೊಳ್ಳೂದು."

"ಮನ್ಯಾಗ ಮಂಚ ಐತಲ್ರಿ, ಅದೇನ್ ಪಾಪ ಮಾಡೈತಿ?"

ಅಂದೆನೇ ಹೊರತು, ಹಾಸಿಗೆಗೆ ರೆಕ್ಸಿನ್ ಕವರು ಹೊಲಿದವಳು ನಾನೇ. ನಾನು ಟೇಲರಮ್ಮ. ಜಾಕೀಟು, ಅಂದರೆ ರವಿಕೆ ಹೊಲಿಯುವ ನನ್ನ ಮಿಷನ್ನಿಗೆ ರೆಕ್ಸಿನ್ ಕೊಟ್ಟರೆ ಸೂಜಿ ಉಳಿಯುತ್ತದೆಯೇ? ಸೂಜಿ ಮುರಿದಾಗಲೆಲ್ಲ ವ್ಯಾನಿಗೂ ಗಂಡನಿಗೂ ಸಮನಾಗಿ ಬೈದೆ. ಕಿಟಕಿಗೆ ಹೂವಿನ ಪರದೆಯನ್ನೂ ಹಾಕಿದೆ.

ಎಲ್ಲ ಮುಗಿದ ಮೇಲೂ ಅವರು ಸೀಟಿಗೆ ಹತ್ತಲಿಲ್ಲ. ಬಾನೆಟ್ ಒರೆಸುತ್ತಾರೆ, ಟೈರಿಗೆ ಗಾಳಿ ನೋಡುತ್ತಾರೆ, ಬಾಡಿಗೆ ಡ್ರೈವರನ್ನು ಹುಡುಕೋಣ ಅನ್ನುತ್ತಾರೆ. ನನಗೆ ಸಿಟ್ಟು ಬಂತು. ಗೇರಿನ ಕೋಲು ಎರಡು ಸೀಟಿನ ನಡುವೆಯೇ ಇತ್ತು. ಎಡಗಡೆ ಹತ್ತಿ ಕೂತು ಅದರ ಮೇಲೆ ಬಲಗೈ ಇಟ್ಟೆ.

"ನೀವು ಕ್ಲಚ್ ಒತ್ರಿ. ನಾ ಗೇರ್ ಹಾಕ್ತೀನಿ."

"ಹೆಂಡ್ತಿ ಗೇರ್ ಹಾಕಿದ್ರ ಮಂದಿ ಏನಂತಾರ?"

"ಮಂದಿ ಬಂದು ಡೀಸೆಲ್ ಹಾಕಸ್ತಾರೇನು?"

ಎಂಜಿನ್ ಬಂದ್ ಇಟ್ಟುಕೊಂಡೇ ಕಲಿತೆವು. ಅವರು "ಒಂದು" ಅಂದರೆ ಒಂದು, "ಎರಡು" ಅಂದರೆ ಎರಡು. ಆಯುಧಪೂಜೆಯ ದಿನ ಓಣಿಯವರ ಮುಂದೆ ಓಡಿಸುವುದು ಅಂತ ನಿಕ್ಕಿಯಾಯಿತು. ಹಿಂದಿನ ದಿನ ಗೇರು ಬಿಗಿಯಾಯಿತೆಂದು ಅವರು ಅದರ ರಾಡು ಬಿಚ್ಚಿ, ಒಂದೇ ಕೈಯಲ್ಲಿ ಒದ್ದಾಡಿ ಮತ್ತೆ ಜೋಡಿಸಿದರು.

ಪೂಜೆಯಾಯಿತು. ಬೂದುಗುಂಬಳ ಒಡೆದರು. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಅವರು ಕೊನೆಗೂ ಸೀಟಿಗೆ ಹತ್ತಿದರು. "ಒಂದು" ಅಂದರು. ಹಾಕಿದೆ. ಕ್ಲಚ್ ಬಿಟ್ಟರು. ವ್ಯಾನು ಸೊರ್ರನೆ ಹಿಂದಕ್ಕೆ ಹೋಗಿ, ಬಾಳೆಕಂದು ಬೀಳಿಸಿ, ಪಕ್ಕದ ಮನೆಯವರ ರಂಗೋಲಿ ಅಳಿಸಿ ನಿಂತಿತು. ರಾಡು ಅದಲುಬದಲಾಗಿ ಒಂದರ ಜಾಗಕ್ಕೆ ರಿವರ್ಸ್ ಬಂದಿತ್ತು. ನಿಂಬೆಹಣ್ಣುಗಳು ಇದ್ದಲ್ಲೇ ಹಳದಿಯಾಗಿ ಕೂತಿದ್ದವು.

ಯಾರೂ ನಗಲಿಲ್ಲ, ಅದೇ ಕೆಟ್ಟದ್ದು. ಎದುರುಮನೆಯ ಮುದುಕಿ "ಶಕುನ ಸರಿ ಇಲ್ಲ ಬಿಡವ್ವ" ಅಂದಳು. ನನ್ನವರು ಎಂಜಿನ್ ಆರಿಸಿ ಕೆಳಗಿಳಿದರು. "ಗೇರಿನ ರಾಡು ಕೂಡ ಹಾಕಾಕ ಬರವಲ್ದು ನನಗ. ಗುಜರಿಗೇ ಹೋಗ್ಲಿ" ಅಂದರು. ಆ ಮುಖ ನನಗೆ ಗೊತ್ತು. ಈಗ ಒಳಗೆ ಹೋದರೆ ಇನ್ನೆಂದೂ ಹತ್ತುವುದಿಲ್ಲ.

ನಾನು ಇಳಿದು ನಾಲ್ಕೂ ನಿಂಬೆಹಣ್ಣು ಆರಿಸಿಕೊಂಡು ಚಕ್ರಗಳ ಹಿಂದೆ ಇಟ್ಟೆ.

"ಹತ್ರಿ ಮ್ಯಾಲ. ಅದಕ್ಕ ಹಿಂದಕ್ಕ ಹೋಗೂ ಮನಸೈತಿ, ಹೋಗ್ಲಿ. ನಿಂಬೆಹಣ್ಣು ಒಡದ್ರಾತು. ಯಾವ ಕಡಿಯಿಂದ ಒಡದ್ರಿ ಅಂತ ದೇವ್ರೇನ್ ಕೇಳಂಗಿಲ್ಲ."

ಮೊದಲು ನಕ್ಕವಳು ಆ ಮುದುಕಿಯೇ. ಆಮೇಲೆ ಓಣಿಯೇ ನಕ್ಕಿತು. ನನ್ನವರು ತಲೆ ಕೊಡವಿ ಹತ್ತಿದರು. ಹಣ್ಣು ನಾಲ್ಕೂ ಪಚಕ್ಕೆಂದವು. ರಾಡು ಮಾರನೇ ದಿನ ಸರಿಯಾಯಿತು.

ಬುಕ್ಕಸಾಗರದ ಗದ್ದೆ ದಾರಿಯಲ್ಲಿ ಕೆಲವು ದಿನ ಕೈ ಪಳಗಿಸಿಕೊಂಡು, ಸಂಡೂರಿನ ಘಾಟಿಗೆ ಹೊರಟೆವು. ಅವರು ದಿನಾ ಹತ್ತಿಳಿದ ದಾರಿ ಅದು. ಮೊದಲ ತಿರುವುಗಳಲ್ಲಿ "ಎರಡು... ಮೂರು... ಎರಡು" ಅಂತ ಕೂಗುತ್ತಿದ್ದರು. ಹೊಲಿಗೆ ಮಿಷನ್ನು ದಪ್ಪ ಬಟ್ಟೆಗೆ ಬಂದಾಗ ದನಿ ಬದಲಿಸುತ್ತದೆ. ಏರು ಬಂದಾಗ ಎಂಜಿನ್ನೂ ಹಾಗೇ ಮಾಡುತ್ತಿತ್ತು. ಆ ದನಿ ಕೇಳುತ್ತಿದ್ದ ಹಾಗೆ ನನ್ನ ಕೈ ತಾನೇ ಎದ್ದಿತು, ಅವರ ಕಾಲು ಕ್ಲಚ್ಚಿಗೆ ಹೋಗಿತ್ತು. ಆಮೇಲೆ ಅವರು ಎಣಿಸುವುದನ್ನೇ ಬಿಟ್ಟರು. ಕಾಡೆಲ್ಲ ಹಸಿರಾಗಿತ್ತು. ನಾನು ಅಷ್ಟು ಸುಖವಾಗಿ ಕೂತದ್ದು ನೆನಪಿಲ್ಲ.

ಮೇಲಿನ ಚಹಾದಂಗಡಿಯಲ್ಲಿ ಅವರ ಜೊತೆ ಗಣಿಯಲ್ಲಿ ದುಡಿದಿದ್ದ ಲಾರಿ ಡ್ರೈವರೊಬ್ಬರು ಸಿಕ್ಕರು. ಅಪ್ಪಿಕೊಂಡರು, ವ್ಯಾನನ್ನು ಸುತ್ತ ನೋಡಿದರು, ನನ್ನವರ ಎಡಗೈಯನ್ನೂ ನೋಡಿದರು, ಗೇರ್ ಹಾಕುವವಳು ನಾನು ಅಂತ ಕೇಳಿ ತಿಳಿದರು. ಒಳ್ಳೇ ಮನಸ್ಸಿನಿಂದಲೇ ಅಂದರು:

"ಇಳಿಯೂದು ಭಾಳ ಕಷ್ಟ ಐತಣ್ಣ. ಅಕ್ಕಾರು ಹಿಂದ ಆರಾಮ ಕುಂದರ್ಲಿ, ಮುಂದ ನಾ ಕುಂತು ಗೇರ್ ಹಾಕ್ತೀನಿ. ಕೆಳಗಿನ ತನಕ ಬಿಟ್ಟು ಬರ್ತೀನಿ."

ನನ್ನವರು ಚಹಾದ ಗ್ಲಾಸು ಕೆಳಗಿಟ್ಟರು.

"ಬ್ಯಾಡಪ್ಪ. ನನ್ನ ಎಡಗೈ ಅಲ್ಲೇ ಕುಂತೈತಿ" ಅಂದು ನನ್ನ ಕಡೆ ತೋರಿಸಿದರು.

ಎಡಗೈ ಅನ್ನಿಸಿಕೊಂಡು ಇಷ್ಟು ಹಿಗ್ಗಿದ ಹೆಂಗಸು ನಮ್ಮ ಸೀಮೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಕಣ್ಣು ತುಂಬಿ ಬಂತು. "ಜಲ್ದಿ ಕುಡೀರಿ, ಹೊತ್ತಾತು" ಅಂತ ಗದರಿಸಿ, ಹೋಗಿ ನನ್ನ ಸೀಟಿನಲ್ಲಿ ಕೂತೆ.