ಇಮಾಮ್ ಸಾಬರ ಬಲಗಿವಿ

ರಾಮನಗರಕ್ಕೆ ಜನ ಹತ್ತೆಂಟು ಕೆಲಸ ಇಟ್ಟುಕೊಂಡು ಬರುತ್ತಾರೆ. ಡಿ.ಸಿ. ಆಫೀಸು, ಕೋರ್ಟು, ಆಸ್ಪತ್ರೆ. ಕುದೂರಿನ ಮರಿಯಪ್ಪ ಬರುತ್ತಿದ್ದದ್ದು ಮಾತ್ರ ರೇಷ್ಮೆಗೂಡಿನ ಮಾರುಕಟ್ಟೆಗೆ, ಅದೂ ತನ್ನ ಗೂಡನ್ನು ಇಮಾಮ್ ಸಾಬರ ಕಿವಿಗೆ ಕೇಳಿಸಲಿಕ್ಕೆ.

ನಗಬೇಡಿ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಹುಳ ಲೊಟಲೊಟ ಅನ್ನಬೇಕು. ಸದ್ದಿಲ್ಲವೆಂದರೆ ಹುಳ ಒಳಗೇ ಸತ್ತು ಅಂಟಿಕೊಂಡಿದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ. ಜೀವಮಾನವೆಲ್ಲ ಮೋಟಾರಿನ ಗದ್ದಲದಲ್ಲಿ ನೂಲು ತೆಗೆದ ಇಮಾಮ್ ಸಾಬರು ಬಲಗಿವಿಗೆ ಹಿಡಿದು ಹೇಳಿದರೆ ಮುಗಿಯಿತು, ಎರಡು ಮಾತಿಲ್ಲ.

ಹೋದ ವರ್ಷ ಯುಗಾದಿಗೆ ಮುಂಚೆ ಮರಿಯಪ್ಪ ತಂದ ಗೂಡನ್ನು ಸಾಬರು ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು.

"ಹುಳ ಸತ್ತೋಗೈತೆ ಕಣಪ್ಪಾ ಮರಿಯಪ್ಪ."

ಸುತ್ತ ನಿಂತಿದ್ದವರು ಕೈ ಹಾಕದೆ ಮುಂದೆ ಹೋದರು. ಮರಿಯಪ್ಪ ಗೂಡನ್ನೆಲ್ಲ ಚೀಲಕ್ಕೆ ತುಂಬಿದ. ಯಾರೋ ಗೊತ್ತಿಲ್ಲದವನಿಗೆ ಸಿಕ್ಕಷ್ಟಕ್ಕೆ ಕೊಟ್ಟು ಮಾಗಡಿ ಬಸ್ಸು ಹತ್ತಿದವನು ಮತ್ತೆ ಮುಖ ತೋರಿಸಲಿಲ್ಲ. ಮುನಿಸಿಕೊಂಡು ಕನಕಪುರದ ಮಾರುಕಟ್ಟೆಗೆ ಹೋಗುತ್ತಿರಬೇಕು ಎಂದುಕೊಂಡರು ಸಾಬರು. ಹಳೇ ಗೆಳೆಯ ಕೈಬಿಟ್ಟನಲ್ಲ ಎಂಬ ಕೊರಗು ಉಳಿಯಿತು. ಆಮೇಲೆ ಯಾರ ಗೂಡನ್ನೂ ಅವರು ಕಿವಿಗೆ ಹಿಡಿಯಲಿಲ್ಲ.

ಮೊನ್ನೆ ಬಕ್ರೀದ್ ಕಳೆದ ಮೇಲೆ ಚನ್ನಪಟ್ಟಣದ ಮಗಳು ಹಫೀಜಾಳ ಮನೆಗೆ ಹೋಗಿದ್ದರು. ಅಳಿಯ ಬೊಂಬೆ ಮಾಡುವವನು. ಅವನು ಅರಗಿನ ಬಣ್ಣ ಕೊಟ್ಟಿಟ್ಟಿದ್ದ ಹೊಸ ಗಿಲಕಿಯನ್ನು ಮೊಮ್ಮಗಳು ಅಸ್ರಾ ತಂದು ಅವರ ಬಲಗಿವಿಯ ಪಕ್ಕ ಆಡಿಸಿದಳು.

"ನಿಮ್ಮಪ್ಪ ಇದರೊಳಗೆ ಕಾಳು ಹಾಕೋದೇ ಮರೆತವ್ನೆ," ಎಂದರು ಸಾಬರು.

ಒಲೆಯ ಮುಂದಿದ್ದ ಹಫೀಜಾ ತಿರುಗಿ ನೋಡಿದಳು. "ಇಲ್ಲಿಗೇ ಕೇಳಿಸ್ತಾ ಐತಲ್ಲ ಅಬ್ಬಾ."

ಮಗು ಎಡಕ್ಕೆ ಬಂದು ಆಡಿಸಿತು. ಗಲಗಲ. ಸಾಬರು ಗಿಲಕಿ ಕಸಿದುಕೊಂಡು ಬಲಗಿವಿಗೆ ಹಿಡಿದರು, ಎಡಗಿವಿಗೆ ಹಿಡಿದರು, ಮತ್ತೆ ಬಲಕ್ಕೆ. ಬಲಕ್ಕೆ ಸದ್ದೇ ಇಲ್ಲ. ಮರಿಯಪ್ಪನ ಮುಖ ಕಣ್ಣಮುಂದೆ ಬಂತು.

ಮಾರನೆಯ ದಿನವೇ ಕುದೂರಿಗೆ ಹೊರಟರು. ಮಾಗಡಿಯಲ್ಲಿ ಬಸ್ಸು ಬದಲಿಸುವಾಗ ಕೋಟೆಗೋಡೆಯ ನೆರಳಲ್ಲಿ ನಿಂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡರು. ಬೈದರೆ ಬೈಯಲಿ ಎಂದು ಗಟ್ಟಿಮನಸ್ಸು ಮಾಡಿಕೊಂಡರು.

ಮರಿಯಪ್ಪ ಬೈಯಲಿಲ್ಲ. "ಬನ್ನಿ ಸಾಬ್ರೆ" ಎಂದು ಜಗಲಿಗೆ ಚಾಪೆ ಹಾಸಿದ. ಹಿಪ್ಪುನೇರಳೆ ತೋಟವಿದ್ದ ಕಡೆ ಮುಸುಕಿನ ಜೋಳ ನಿಂತಿತ್ತು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಅಂಗಳದಲ್ಲಿ ಕೋಳಿಗೆ ಬೇಲಿಯಾಗಿದ್ದವು.

"ಹುಳ ಸಾಕೋದು ಬುಟ್ಬುಟ್ಟೆ. ನೀವೇ ಸತ್ತೋಗೈತೆ ಅಂದ್ಮ್ಯಾಲೆ ಇನ್ನೇನೈತೆ? ನಮ್ಮನೆಯೋಳ ಕೈಗುಣ ಹೊಂಟೋಯ್ತು. ಹುಳದ ಮನೆಗೆ ಕಾಲಿಕ್ಕಬ್ಯಾಡ ಅಂದ್ಬುಟ್ಟೆ."

ಅಯ್ಯೋ, ಇವನು ಮುನಿಸಿಕೊಂಡಿರಲೇ ಇಲ್ಲ. ನಂಬಿದ್ದ. ಬಾಯಿಪಾಠ ಮಾಡಿದ್ದೆಲ್ಲ ಸಾಬರಿಗೆ ಮರೆತುಹೋಯಿತು.

"ಹುಳ ಚೆನ್ನಾಗೇ ಇತ್ತು ಮರಿಯಪ್ಪಾ. ನನ್ನ ಬಲಗಿವಿ ಕೇಳಾಕಿಲ್ಲ. ನಂಗೇ ಗೊತ್ತಿರ್ನಿಲ್ಲ."

ಮರಿಯಪ್ಪ ಜೋಳದ ಕಡೆ ನೋಡಿದ. ಮದುವೆಯಾಗಿ ಬಂದ ದಿನದಿಂದ ಆ ಮನೆಯ ಹುಳಗಳಿಗೆ ಸೊಪ್ಪು ಹಾಕಿದ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ಕಾಫಿ ಲೋಟವನ್ನು ಸಾಬರ ಮುಂದಿಟ್ಟಳು.

"ನಾನೂ ಅಲ್ಲಾಡ್ಸಿ ನೋಡಿದ್ದೆ ಸಾಬ್ರೆ. ಲೊಟಲೊಟ ಅಂತಿತ್ತು. ಅವತ್ತೇ ಇವ್ರಿಗೆ ಹೇಳ್ದೆ. ನನ್ನ ಮಾತು ಯಾರಿಗೆ ಕೇಳ್ತದೆ?"

ಆಮೇಲೆ ಅವಳು ಅಂಗಳಕ್ಕಿಳಿದು ಕೋಳಿಗಳನ್ನು ಓಡಿಸಿ, ಒಂದು ಚಂದ್ರಿಕೆಯನ್ನು ಎತ್ತಿ ಸೆರಗಿನಿಂದ ಒರೆಸತೊಡಗಿದಳು. ಅದು ನಡುವೆ ಮುರಿದಿತ್ತು. ಆದರೂ ಒರೆಸುತ್ತಲೇ ಇದ್ದಳು.