ಅಡ್ಡ ಬಂದ ಅಂಗೈ

ಕಲಬುರಗಿಯಲ್ಲಿ ನಾವು ಬಿಎಸ್ಸಿ ಓದುವಾಗ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಯೋಗಾಲಯವನ್ನು ಒಬ್ಬ ಮೇಡಂ ನೋಡಿಕೊಳ್ಳುತ್ತಿದ್ದರು. ದಿನವೂ ಕಮಲಾಪುರದಿಂದ ಬಸ್ಸಿಗೆ ಬರುವರು. ಬಂದವರೇ ಬಳೆ ತೆಗೆದು ಪರ್ಸಿನಲ್ಲಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವರು. ಯಾರಾದರೂ ಗಡಿಬಿಡಿ ಮಾಡಿದರೆ, “ಸಾವಕಾಶ ಮಾಡ್ರಿ, ನಿಮ್ಮ ಮದುವಿ ಮುಹೂರ್ತ ಏನ್ ಮೀರಾಕತ್ತಿಲ್ಲ” ಎನ್ನುವರು.

ಒಂದು ಬೇಸಿಗೆಯ ಮಧ್ಯಾಹ್ನ ನನ್ನ ಪಕ್ಕದ ಗೆಳೆಯ, ಬೆವರಿಗೆ ಮಸುಕಾಯಿತೆಂದು ರಕ್ಷಣಾ ಕನ್ನಡಕವನ್ನು ಹಣೆಗೇರಿಸಿದ. ನೀರಿಗೆ ಆಮ್ಲ ಹಾಕುವ ಬದಲು ಗಂಧಕಾಮ್ಲಕ್ಕೇ ನೀರು ಸುರಿದ. ಬೀಕರಿನಿಂದ ಆಮ್ಲ ಚಟಚಟನೆ ಸಿಡಿಯಿತು. ಅಷ್ಟರಲ್ಲಿ ಮೇಡಂ ಅವರ ಅಂಗೈ ಅವನ ಕಣ್ಣಿಗೆ ಅಡ್ಡ ಬಂದಿತ್ತು. ಅವರು ಯಾವಾಗ ಅಲ್ಲಿಗೆ ಬಂದರೆಂದು ನನಗೆ ಇಂದಿಗೂ ಹೇಳಲಾಗದು.

ಅವರು ನಲ್ಲಿಯನ್ನು ಪೂರ್ತಿ ತಿರುಗಿಸಿ ಕೈಯನ್ನು ನೀರಿಗೆ ಹಿಡಿದರು. ಚರ್ಮ ಕೆಂಪಾಗುತ್ತಿತ್ತು.

“ಕಣ್ಣಾಗ ಏನೂ ಬಿದ್ದಿಲ್ಲ, ಹೌದಿಲ್ಲೋ ತಮ್ಮಾ?”

ಅವನು ಆಗಲೇ ಚೀಲ ಎತ್ತಿಕೊಂಡಿದ್ದ. “ಇಲ್ರಿ. ನನಗ ಈ ಕೆಮಿಸ್ಟ್ರಿನೇ ಬ್ಯಾಡ್ರಿ ಮೇಡಂ. ನಾಳಿಂದ ಬರಂಗಿಲ್ರಿ.”

“ಹೋಗೂದಿದ್ರ ಹೋಗು. ಇದೊಂದು ಸರಿಯಾಗಿ ಮಾಡಿ ಹೋಗು. ಕನ್ನಡಕ ಇಳಿಸ್ಕೋ. ಮೊದಲ ನೀರು, ಆಮ್ಯಾಲ ಆಸಿಡ್.”

ಅವನು ಕನ್ನಡಕ ಇಳಿಸಿಕೊಂಡು ಇನ್ನೊಂದು ಬೀಕರಿನ ನೀರಿಗೆ, ಗಾಜಿನ ಕಡ್ಡಿಯ ಗುಂಟ, ಆಮ್ಲವನ್ನು ಹನಿಹನಿಯಾಗಿ ಇಳಿಸಿದ. ಅದು ಮುಗಿಯುವವರೆಗೆ ಮೇಡಂ ನೀರಿನಡಿಯ ತಮ್ಮ ಕೈಯನ್ನು ಒಮ್ಮೆಯೂ ನೋಡಿಕೊಳ್ಳಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದರು.

ಅವನು ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟು ಕೇಳಿದ: “ನಾಳಿ ಯಾವ ಪ್ರಯೋಗ ಅದರೀ ಮೇಡಂ?”