ಚಪ್ಪಲಿ ಬಿಟ್ಟಲ್ಲಿ ಇಟ್ಟ ಮೈಕು

ನಾನು ಬಿ.ಎ. ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ಟಿಕೋಟಾದ ಮೈಕಿನ ಶಿವಪುತ್ರ ಕಾಕಾ. "ಆಗಂಗಿಲ್ಲ ತಗಿ ತಂಗಿ," ಎಂದರು, ವೈರು ಸುತ್ತುತ್ತಲೇ. ನನ್ನ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಅವರು ಎಲ್ಲದಕ್ಕೂ ಹಾಗೇ ಅನ್ನುತ್ತಿದ್ದರು. ಮದುವೆಯವರು ಬಂದು ನಾಲ್ಕು ಸ್ಪೀಕರ್ ಬೇಕೆಂದರೆ ಆಗಂಗಿಲ್ಲ. ಸಾಲಿ ಮಾಸ್ತರರು ವರ್ಷದ ಗ್ಯಾದರಿಂಗಿಗೆ ಎರಡು ಮೈಕು ಕೇಳಿದರೆ ಆಗಂಗಿಲ್ಲ. ಹಾಗೆ ಅಂದು, ಒಂದು ಕಪ್ ಚಹಾ ಕುಡಿದು, ಎದ್ದು ಸಾಮಾನನ್ನೆಲ್ಲ ಟಂಟಂ ಆಟೋಗೆ ಹೇರುತ್ತಿದ್ದರು.

ತೆಳ್ಳಗಿನ ಮನುಷ್ಯ. ಬಿಳಿ ಟೊಪ್ಪಿಗೆಯ ಮೇಲೆಯೇ ಹೆಡ್‌ಫೋನ್ ಏರಿಸಿ, ಒಂದು ಕಿವಿಯನ್ನಷ್ಟೇ ಮುಚ್ಚಿಕೊಳ್ಳುತ್ತಿದ್ದರು. "ಒಂದು ಕಿವಿ ಮಿಕ್ಸರಿಗೆ, ಒಂದು ಮಂದಿಗೆ," ಎನ್ನುತ್ತಿದ್ದರು. ಹಾಡು ಕಾವೇರಿತು ಎನ್ನುವ ಹೊತ್ತಿಗೆ ಸರಿಯಾಗಿ ಮಿಕ್ಸರ್ ಬಿಟ್ಟು ಎದ್ದು ಹೋಗುತ್ತಿದ್ದರು. "ಏ, ಮೈಕಿನಂವ ಎಲ್ಲಿ ಹ್ವಾದ?" ಎಂದು ಜನ ಹುಡುಕಿದರೆ, ಅವರು ಬಾಗಿಲ ಬಳಿ, ಚಪ್ಪಲಿಗಳ ರಾಶಿಯ ನಡುವೆ ನಿಂತು ಕೇಳುತ್ತಿರುತ್ತಿದ್ದರು. ಅಲ್ಲಿ ನಿಂತವನಿಗೆ ಕೇಳಿದರೆ ಎಲ್ಲರಿಗೂ ಕೇಳಿದಂತೆ ಎಂಬುದು ಅವರ ಲೆಕ್ಕ.

ನಾನು ಇಟ್ಟಂಗಿಹಾಳದವಳು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಹತ್ತನೇ ತರಗತಿ ದಾಟಿರಲಿಲ್ಲ. ಪಿಯುಸಿ ಆದ ಮೇಲೆ ನಾನೂ ನಾಲ್ಕು ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂತು ಕಡ್ಡಿ ಆರಿಸಿದೆ. ಮತ್ತೆ ಓದಬೇಕೆಂದು ವಿಜಯಪುರದ ಕಾಲೇಜಿಗೆ ಸೇರಿದಾಗ, ಶೆಡ್ಡಿನಲ್ಲಿ ನನ್ನ ಜಾಗಕ್ಕೆ ಕೂತವಳು ಆಯಿ, ನಮ್ಮಪ್ಪನ ತಾಯಿ. "ಮೂರು ವರ್ಷ ಕೂಡ್ತೀನಿ. ಮ್ಯಾಲ ಒಂದು ದಿನಾನೂ ಕೂಡಂಗಿಲ್ಲ," ಎಂದು ಮೊದಲೇ ಹೇಳಿದ್ದಳು. ಆಕೆಯ ಮೊಣಕಾಲು ನೋಡಿದವರಿಗೆ ಮೂರು ವರ್ಷವೇ ಹೆಚ್ಚು ಅನ್ನಿಸುತ್ತಿತ್ತು. ನಪಾಸಾದರೆ ನಾನು ಮತ್ತೆ ಶೆಡ್ಡಿಗೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

ಕೊನೆಯ ವರ್ಷ ಕಿರುಪ್ರಬಂಧ ಬರೆಯಬೇಕಿತ್ತು. ನಾನು ಡೊಳ್ಳಿನ ಪದ ಆರಿಸಿಕೊಂಡೆ. ಬರಹದ ಜೊತೆ ಹಾಡಿನ ರೆಕಾರ್ಡಿಂಗನ್ನೂ ಒಪ್ಪಿಸಬೇಕು, ಮೊಬೈಲಿನಲ್ಲಿ ಹಿಡಿದದ್ದು ನಡೆಯುವುದಿಲ್ಲ, ಮಿಕ್ಸರಿನಿಂದಲೇ ತೆಗೆದುಕೊಂಡು ಬಾ ಎಂದರು ನಮ್ಮ ಮೇಡಂ. ಹಾಗಾಗಿ ಕಾಕಾನ ಅಂಗಡಿಗೆ ಹೋದೆ. "ಮಿಕ್ಸರಿನ್ಯಾಗ ಡೊಳ್ಳಿನ ಪದ? ಆಗಂಗಿಲ್ಲ. ಅದರ ಮ್ಯಾಲ ಬಿ.ಎ.? ಅದೂ ಆಗಂಗಿಲ್ಲ," ಎಂದರು. ಮೊದಲು ಹೇಳಿದೆನಲ್ಲ, ಅದು ಆವತ್ತಿನ ಮಾತು. ಅವರ ಸ್ವಭಾವ ಕೇಳಿ ಗೊತ್ತಿದ್ದುದರಿಂದ ನಾನು ಸುಮ್ಮನೆ ಅವರು ಹೊರಟಿದ್ದ ಟಂಟಂ ಹತ್ತಿದೆ.

ಅಂದು ಬಬಲೇಶ್ವರದ ಸಮುದಾಯ ಭವನದಲ್ಲಿ ಮಧ್ಯಾಹ್ನ ಡೊಳ್ಳಿನ ಮೇಳದ ಕಾರ್ಯಕ್ರಮ. ಹಾಡಿಗಿಂತ ಮುಂಚೆ ಅತಿಥಿಯೊಬ್ಬರು ಮೈಕು ಹಿಡಿದು ಉಫ್ ಉಫ್ ಎಂದು ಊದತೊಡಗಿದರು. "ಸಾಹೇಬ್ರ, ಅದು ಒಲಿ ಅಲ್ರೀ," ಎಂದು ಕಾಕಾ ಕೂತಲ್ಲಿಂದಲೇ ಕೂಗಿದರು. ಸಭೆ ನಕ್ಕಿತು. ಅತಿಥಿಗಳು ಊದುವುದನ್ನು ಬಿಟ್ಟರು, ಭಾಷಣವನ್ನೂ ಬೇಗ ಮುಗಿಸಿದರು. ಆಮೇಲೆ ಮೇಳದವರು ಎದ್ದು ನಿಂತು ಡೊಳ್ಳು ಬಡಿದರೆ ಕಿಟಕಿಯ ಗಾಜುಗಳು ನಡುಗಿದವು. ಕಾಲೇಜಿನಿಂದ ತಂದಿದ್ದ ರೆಕಾರ್ಡರನ್ನು ಮಿಕ್ಸರಿಗೆ ಜೋಡಿಸಿ, ಕೆಂಪು ದೀಪ ನೋಡುತ್ತ ಕೂತಿದ್ದೆ. ಕೆಲಸ ಆಯಿತು ಎಂದುಕೊಂಡೆ.

ಮನೆಗೆ ಬಂದು ಆಯಿಗೆ ಕೇಳಿಸಿದೆ. ಅರ್ಧ ಪದ ಕೇಳಿ, "ಡೊಳ್ಳು ಎಲ್ಲೈತಿ ಬೇ?" ಎಂದಳು. "ಬರೇ ಬಾಯಿ ಐತಿ. ಬಾವ್ಯಾಗ ಬಿದ್ದವರು ಒದರಿದಂಗ ಒದರಾಕತ್ತಾರ."

ಹೌದು. ಹಾಡುವವರ ಉಸಿರು ಕೂಡ ಕೇಳುತ್ತಿತ್ತು. ಡೊಳ್ಳು ಮಾತ್ರ ಪಕ್ಕದ ಊರಿನಲ್ಲೆಲ್ಲೋ ಬಾರಿಸಿದ ಹಾಗೆ.

ಮರುದಿನ ಟಿಕೋಟಾಕ್ಕೆ ಓಡಿದೆ. "ಡೊಳ್ಳು ಬಂದಿಲ್ಲ ಕಾಕಾ."

"ಎಲ್ಲಿಂದ ಬರತೈತಿ? ಡೊಳ್ಳಿಗೆ ನಾ ಮೈಕ ಹಚ್ಚೇ ಇಲ್ಲ. ಹಚ್ಚಲಿಲ್ಲಂದ್ರೂ ಊರಿಗೆಲ್ಲಾ ಕೇಳತೈತಿ ಅದು. ದನಿ ಸಣ್ಣ ಇದ್ದವ್ರಿಗೆ ಮೈಕ. ಮಿಕ್ಸರಿನ್ಯಾಗ ಅವ್ರಷ್ಟ ಬರ್ತಾರ."

"ಮೊದಲ ಹೇಳಬಾರದೇನ್ರಿ?"

"ಹೇಳಿದ್ನಲ್ಲ, ಆಗಂಗಿಲ್ಲ ಅಂತ. ಯಾಕ ಅಂತ ನೀನ ಕೇಳಲಿಲ್ಲ."

ನನಗೆ ಸಿಟ್ಟು ಬಂತು. ಒಪ್ಪಿಸಲು ಎರಡೇ ವಾರ ಉಳಿದಿದ್ದವು. "ಯಾಕ ಆಗಂಗಿಲ್ಲ, ಹ್ಯಾಂಗ ಮಾಡಿದ್ರ ಆಗತೈತಿ, ಎರಡೂ ಈಗ ಹೇಳ್ರಿ," ಎಂದೆ. ಕಾಕಾ ವೈರು ಸುತ್ತುವುದನ್ನು ನಿಲ್ಲಿಸಿದರು. ಅವರ ಕೈ ಸುಮ್ಮನಿದ್ದುದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನ ಮಗಳಿಗೂ ಹಿಂಗ ಅಂದಿದ್ದೆ," ಎಂದರು. "ಸಾಲಿ ಮುಂದ ಆಗಂಗಿಲ್ಲ ಅಂತ. ಅಕಿ ಯಾಕ ಅಂತ ಕೇಳಲಿಲ್ಲ. ಪಾಟಿಚೀಲ ಗೂಟಕ್ಕ ಹಾಕಿ ಒಳಗ ಹ್ವಾದ್ಲು."

ಎದ್ದು ಹೋಗಿ ಕಪಾಟಿನಿಂದ ಇನ್ನೊಂದು ಮೈಕು ತೆಗೆದು ಟೊಪ್ಪಿಗೆಯಿಂದ ಒರೆಸಿದರು.

ಅದೇ ಮೇಳ ಮುಂದಿನ ಸೋಮವಾರ ಟಿಕೋಟಾದಲ್ಲಿ ಹಾಡುವುದಿತ್ತು. ಕಾಕಾ ಆ ಮೈಕನ್ನು ಕೋಲಿಗೆ ಕಟ್ಟಿ, ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸಿದರು. "ಇದರ ದನಿ ಸ್ಪೀಕರಿಗೆ ಬಿಡಂಗಿಲ್ಲ, ಕುಂಯ್ ಅಂತೈತಿ. ಬರೇ ನಿನ್ನ ರೆಕಾರ್ಡಿಗೆ," ಎಂದರು. ಯಾರಾದರೂ ಎಡವಿ ಬೀಳಿಸಿಯಾರು ಎಂದು ಅದರ ಕಾವಲಿಗೆ ಆಯಿಯನ್ನು ಕೂರಿಸಿದೆ. ಆಯಿ ಶೆಡ್ಡಿನಿಂದ ನೇರ ಬಂದಿದ್ದಳು. ಬೆರಳುಗಳು ಇನ್ನೂ ಅಂಟಂಟಾಗಿದ್ದವು.

ಈ ಸಲ ಡೊಳ್ಳು ಬಂತು. ಹಾಡು, ತಾಳ, ಜನರ ಕೇಕೆ, ಎಲ್ಲ ಬಂತು. ಕಾಕಾ ಅದೇ ಚಪ್ಪಲಿಗಳ ನಡುವೆ ಕಣ್ಣು ಮುಚ್ಚಿ ನಿಂತಿದ್ದರು. ಆದರೆ ಪದದ ನಡುಮಧ್ಯದಲ್ಲಿ, ಡೊಳ್ಳಿಗಿಂತ ಜೋರಾಗಿ, ಇನ್ನೊಂದು ದನಿಯೂ ಬಂದಿತ್ತು: "ಗಪ್ ಕೂಡ್ರಿ ಬೇ! ನಮ್ಮ ಹುಡುಗಿ ಪರೀಕ್ಷಾ ನಡದೈತಿ!"

ಹರಟುತ್ತಿದ್ದ ಹೆಂಗಸರಿಗೆ ಆಯಿ ಬೈದದ್ದು. ಬಾಯಿ ಮೈಕಿನಿಂದ ಒಂದು ಗೇಣು ದೂರದಲ್ಲಿತ್ತು.

"ಇದನ್ನ ತಗೀರಿ ಕಾಕಾ. ನಗತಾರ."

"ಅಕಿ ದನಿ ಇಳಿಸಿದ್ರ ಡೊಳ್ಳೂ ಇಳೀತೈತಿ. ಎರಡೂ ಒಂದ ಮೈಕಿನ್ಯಾಗ ಅದಾವ. ಯಾವುದು ಬೇಕು ಹೇಳು."

ಹಾಗೇ ಒಪ್ಪಿಸಿದೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಜಾಗದಲ್ಲಿ ರೆಕಾರ್ಡಿಂಗ್ ನಿಲ್ಲಿಸಿ, "ಇದು ಯಾರು?" ಎಂದರು.

"ನಮ್ಮ ಆಯಿ, ಸರ್."

"ಯಾರ ಪರೀಕ್ಷೆ?"

"ಇದೇ, ಸರ್."

ಅವರು ನಗಲಿಲ್ಲ. ರೆಕಾರ್ಡಿಂಗನ್ನು ಮೊದಲಿನಿಂದ ಇನ್ನೊಮ್ಮೆ ಹಾಕಿ ಕೇಳಿದರು. ನಾನು ಪ್ರಥಮ ದರ್ಜೆಯಲ್ಲಿ ಪಾಸಾದೆ. ಫಲಿತಾಂಶದ ದಿನವೇ ಆಯಿ ಶೆಡ್ಡಿಗೆ ಹೋಗುವುದನ್ನು ನಿಲ್ಲಿಸಿದಳು.

ಅದನ್ನು ಹೇಳಲು ಟಿಕೋಟಾಕ್ಕೆ ಹೋದಾಗ ಕಾಕಾ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದರು. "ಮುಂದ?" ಎಂದರು. ಎಂ.ಎ. ಎಂದೆ. "ಆಗಂಗಿಲ್ಲ," ಎಂದು ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ಕೂತರು. ನಾನು "ಯಾಕ್ರಿ?" ಎನ್ನುವವರೆಗೂ ವೈರಿಗೆ ಕೈ ಹಚ್ಚಲಿಲ್ಲ. ಅಂದ ಮೇಲೆ, "ಹೋಗಿನ್ನ, ಬಸ್ಸು ಬಂತು," ಎಂದರು. ನಾವು ಆಡಿದ ಕೊನೆಯ ಮಾತು ಅದು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾ ತೀರಿಕೊಂಡರು. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಸರ್ಟಿಫಿಕೇಟು ಬಂದದ್ದು ಅದಾದ ಮೇಲೆ. ಕಾಲೇಜಿನಿಂದ ತಂದು ಆಯಿಯ ಕೈಗೆ ಕೊಟ್ಟೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಅಂಚಿನಲ್ಲಿ ಹಿಡಿದಳು.

"ಏನ ಬರದಾರ, ಓದು."

ಓದಿದೆ. ನನ್ನ ಹೆಸರು, ಪದವಿ, ದರ್ಜೆ.

"ಮೈಕಿನ ಶಿವಪುತ್ರಂದು?"

"ಇಲ್ಲ ಆಯಿ."

"ನಂದು?"

"ಇಲ್ಲ."

ಆಯಿ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಹಂಗಾರ ಇದರಾಗೂ ಡೊಳ್ಳಿಗೆ ಮೈಕ ಹಚ್ಚಿಲ್ಲ ಬಿಡು," ಎಂದಳು.